ಲೋಹಶೋಧಕವೂ ಅಜ್ಜಿಯ ತಾಯತವೂ

ವಿಮಾನ ನಿಲ್ದಾಣಗಳಲ್ಲಿಯೂ ದೊಡ್ಡ ದೇವಾಲಯಗಳ ಬಾಗಿಲಲ್ಲಿಯೂ ನಿಲ್ಲುವ ಲೋಹಶೋಧಕ ಯಂತ್ರವು ಈಗ ನಮ್ಮಂಥ ಹಳ್ಳಿಯ ಹುಡುಗರಿಗೂ ಪರಿಚಿತವಾಗಿದೆ. ನಾವೇನು ವಿಮಾನ ಹತ್ತಲಿಲ್ಲ. ನೌಕರಿಯ ಪರೀಕ್ಷೆಗೆ ಕುಳಿತೆವು, ಅಷ್ಟೆ.

ಅದು ಪರೀಕ್ಷೆಯ ಬಾಗಿಲಿಗೆ ಬಂದುದರಲ್ಲಿ ನಮ್ಮ ಸೀಮೆಯ ಪಾಲೂ ಉಂಟು. 2022ರ ಆಗಸ್ಟ್ 7ರಂದು ವಿದ್ಯುತ್ ಪ್ರಸರಣ ನಿಗಮದ ಕಿರಿಯ ಸಹಾಯಕರ ಪರೀಕ್ಷೆ ನಡೆದಾಗ ಗೋಕಾಕದ ಕೇಂದ್ರವೊಂದರಲ್ಲಿ ಸ್ಮಾರ್ಟ್ ವಾಚಿನ ಅಕ್ರಮ ಬಯಲಾಯಿತು. ಪೊಲೀಸರು ಹಿಡಿದವರಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನವರಿದ್ದರು. ಮರುವರ್ಷ ಅಕ್ಟೋಬರದಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ಬ್ಲೂಟೂತ್ ಪ್ರಕರಣವಾಯಿತು. ಆಮೇಲೆ ಪರೀಕ್ಷಾ ಪ್ರಾಧಿಕಾರವು ತುಂಬುತೋಳಿನ ಅಂಗಿ, ಬೂಟು, ಆಭರಣಗಳನ್ನೆಲ್ಲ ನಿಷೇಧಿಸಿತು. ತಾಳಿ, ಕಾಲುಂಗುರಗಳಿಗೆ ಮಾತ್ರ ರಿಯಾಯಿತಿ.

ಯಂತ್ರದ ಮರ್ಮ ದೊಡ್ಡದಲ್ಲ. ಕೋಲಿನೊಳಗೊಂದು ತಂತಿಯ ಸುರುಳಿ. ಅದರಲ್ಲಿ ದಿಕ್ಕು ಬದಲಿಸುತ್ತ ಹರಿಯುವ ವಿದ್ಯುತ್ತು ಸುತ್ತಲೂ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಲೋಹ ಹತ್ತಿರ ಬಂದರೆ ಅದರಲ್ಲಿಯೂ ಸಣ್ಣ ವಿದ್ಯುತ್ ಸುಳಿಗಳೆದ್ದು ಆ ಕ್ಷೇತ್ರವನ್ನು ಕದಡುತ್ತವೆ, ಕೂಡಲೇ ಕೂಗು. ಅಯಸ್ಕಾಂತಕ್ಕೆ ಕಬ್ಬಿಣದ ಮೇಲಿರುವ ಪಕ್ಷಪಾತ ಇದಕ್ಕಿಲ್ಲ; ತಾಮ್ರ, ಬಂಗಾರಗಳಿಗೂ ಕೂಗುತ್ತದೆ. ತಿನಿಸಿನ ಪೊಟ್ಟಣದಲ್ಲಿ ಲೋಹದ ಚೂರು ಸೇರದಂತೆ ಕಾರ್ಖಾನೆಗಳಲ್ಲಿ ಕಾಯುವುದೂ ಇದೇ. 1881ರಲ್ಲಿ ಗುಂಡೇಟು ತಿಂದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ಮೈಯೊಳಗಿನ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ಲನು ಇಂಥದೊಂದು ಸಾಧನ ಮಾಡಿದ್ದನು. ಗುಂಡು ಸಿಗಲಿಲ್ಲ.

ನನ್ನ ಮೈಯಲ್ಲಿ ಮಾತ್ರ ಸಿಕ್ಕಿತು. ಪಿಯುಸಿ ಮಟ್ಟದ ಹುದ್ದೆಯೊಂದರ ಪರೀಕ್ಷೆಗೆ ಕೈ ಮೇಲೆತ್ತಿ ನಿಂತಿದ್ದೆ. ನಡುವಿನ ಬಳಿ ಕೋಲು ಚೀರಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಏನೈತೋ ತಮ್ಮಾ ಒಳಗ?"

"ತಾಯತರೀ."

"ಬಿಚ್ಚು."

ಹಲ್ಲಿನಿಂದ ದಾರ ಕಡಿದು ತಾಮ್ರದ ತಾಯತವನ್ನು ಚಪ್ಪಲಿಗಳ ಬದಿಯಲ್ಲಿಟ್ಟು ಒಳಗೆ ಹೋದೆ. ಊರಿಗೆ ಬಂದು ಹೇಳಿದಾಗ ಅಜ್ಜಿ ಕಿಂಚಿತ್ತೂ ಬೇಸರಪಡಲಿಲ್ಲ. "ಆ ಕೋಲಿನ್ಯಾಗ ದೆವ್ವ ಇದ್ದೀತು, ಅದಕ್ಕ ನನ್ನ ತಾಯತಾ ಕಂಡು ಚೀರೇತಿ" ಎಂದಳು.

ಕೈಯೆತ್ತಿ ನಿಲ್ಲುವುದಕ್ಕೆ ನನ್ನ ತಕರಾರಿಲ್ಲ. ದುಡ್ಡು ಕೊಡಲಾರದವನ ಪಾಲನ್ನು ಆ ಕೋಲು ಕಾಯುವುದಾದರೆ ದಿನಕ್ಕೆ ಹತ್ತು ಸಲ ನಿಂತೇನು. ಆದರೆ ಅದು ಬಾಗಿಲಲ್ಲಿ ನಿಂತವನನ್ನಷ್ಟೇ ಮುಟ್ಟುತ್ತದೆ. ಹೊರಗೆ ಕುಳಿತು ಉತ್ತರ ಹೇಳುವವನ ಮೈಮೇಲೆ ಹಾಯುವುದಿಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಖಾಲಿ ಬಿಟ್ಟ ಉತ್ತರಪತ್ರಿಕೆಗಳನ್ನು ಆಮೇಲೆ ತುಂಬಿದ್ದು ತನಿಖೆಯಲ್ಲಿ ಹೊರಬಿತ್ತು. ಶಾಯಿಯಲ್ಲಿ ಕೋಲು ಕೂಗುವಷ್ಟು ಲೋಹವೆಲ್ಲಿ? ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಅಲ್ಲಿಯವರೆಗೆ ಕಾದರು.

ಈ ಸಂಗತಿಯನ್ನು ನಾನು ಅಪ್ಪನಿಗೆ ಹೇಳಿಲ್ಲ. ಅವನು ಈ ಸಲದ ಕಬ್ಬಿನ ಬಿಲ್ಲಿನಲ್ಲಿ ನನ್ನ ಮುಂದಿನ ಪರೀಕ್ಷೆಯ ಶುಲ್ಕವನ್ನು ಆಗಲೇ ತೆಗೆದಿಟ್ಟಿದ್ದಾನೆ.