ಆ ವಾಸನೆ ಯಾರದು?

ಕರಾವಳಿಯವರಿಗೆ ಮಳೆಗಾಲದ ವಾಸನೆಯನ್ನು ಯಾರೂ ಪರಿಚಯಿಸಬೇಕಾಗಿಲ್ಲ. ಜೂನ್ ತಿಂಗಳು ಮುಗಿಯುವಷ್ಟರಲ್ಲಿ ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಭರಣಿಯ ಉಪ್ಪು ನೀರಾಗುತ್ತದೆ, ಮೂರು ದಿನ ಹಗ್ಗದಲ್ಲಿದ್ದ ಬಟ್ಟೆಯನ್ನು ಕೊನೆಗೆ ಇಸ್ತ್ರಿಪೆಟ್ಟಿಗೆಯೇ ಒಣಗಿಸಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ, ಅದೂ ಹೆಚ್ಚಿನದೆಲ್ಲ ನಾಲ್ಕೇ ತಿಂಗಳಲ್ಲಿ ಸುರಿಯುವಾಗ, ಮುಗ್ಗುಲು ವಾಸನೆಯೂ ಮನೆಯ ಒಬ್ಬ ಸದಸ್ಯನ ಹಾಗೆ. ಹಾಗೆಂದು ತಿಳಿದೇ ನಾನು ತಪ್ಪು ಮಾಡಿದೆ.

2012ರಲ್ಲಿ ನಾವು ಮಂಗಳೂರಿನ ಹೊರಗೆ ಐದು ಸೆಂಟ್ಸಿನಲ್ಲಿ ಮನೆ ಕಟ್ಟಿಸಿದೆವು. ಕೆಂಪುಕಲ್ಲಿನ ಗೋಡೆ, ಮೇಲೆ ಕಾಂಕ್ರೀಟಿನ ತಾರಸಿ. ಕೆಳಗಿನ ಉತ್ತರ ದಿಕ್ಕಿನ ಕೋಣೆಗೆ ಅದರದ್ದೇ ಬಚ್ಚಲು. 'ಅಟ್ಯಾಚ್ಡ್' ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದ ಆ ಬಚ್ಚಲಿಗೆ ಒಂದು ಅಂಗೈ ಬಿಸಿಲೂ ಬೀಳುತ್ತಿರಲಿಲ್ಲ. ಅದರ ಕಿಂಡಿ ತೆರೆಯುತ್ತಿದ್ದುದು ಪಕ್ಕದ ಮನೆಯ ಗೋಡೆಯ ಕಡೆಗೆ. ನೆಂಟರು ಬಂದಾಗ ಮಾತ್ರ ಬಳಸುವ ಕೋಣೆಯಾದ್ದರಿಂದ ಯಾರೂ ಆ ಬಗ್ಗೆ ಯೋಚಿಸಲಿಲ್ಲ.

2018ರ ಏಪ್ರಿಲ್‌ನಲ್ಲಿ ನನ್ನ ಮಾಮಿ, ಎಂದರೆ ಗಂಡನ ತಾಯಿ, ಪಾಣೆಮಂಗಳೂರಿನ ಹಳೆಯ ಮನೆ ಬಿಟ್ಟು ನಮ್ಮಲ್ಲಿಗೆ ಬಂದರು. ಎಪ್ಪತ್ತೆಂಟರ ಪ್ರಾಯ. ಮಂಡಿನೋವು ಬಿಟ್ಟರೆ ಬೇರೆ ಕಾಯಿಲೆ ಇರಲಿಲ್ಲ. ಆ ಕೋಣೆ ಅವರದಾಯಿತು. ಬಚ್ಚಲು ಗೋಡೆಗೆ ತಾಗಿ ಮರದ ಕಪಾಟು, ಅದರ ಪಕ್ಕ ಮಂಚ.

ಜುಲೈಯಲ್ಲಿ ವಾಸನೆ ಶುರುವಾಯಿತು. ಒದ್ದೆ ಗೋಣಿಚೀಲದಂಥ ವಾಸನೆ, ನಡುನಡುವೆ ಅದರೊಳಗಿಂದ ಇನ್ನೊಂದು ಕೆಟ್ಟ ವಾಸನೆ. ನಾನು ಫಿನಾಯಿಲ್ ಹಾಕಿದೆ. ಮೂಲೆಮೂಲೆಗೆ ನುಸಿಗುಳಿಗೆ ಇಟ್ಟೆ. ಮಲ್ಲಿಗೆಯ ಪರಿಮಳದ ಸ್ಪ್ರೇ ತಂದೆ. ಒಂದೆರಡು ಗಂಟೆ ಮಲ್ಲಿಗೆ, ಆಮೇಲೆ ಮಲ್ಲಿಗೆ ಮುಡಿದ ಗೋಣಿಚೀಲ. ಮಾಮಿ ಹತ್ತಿರ ಬಂದು ಕುಳಿತರೆ ಅವರ ಕುಪ್ಪಾಯದಿಂದಲೂ ಅದೇ ವಾಸನೆ. ಒಂದು ದಿನ ನಾದಿನಿಯ ಮಗು ಅಜ್ಜಿಯ ಮಡಿಲಿನಿಂದ ಇಳಿದು ಮೂಗು ಮುಚ್ಚಿಕೊಂಡಿತು. ದೊಡ್ಡವರೆಲ್ಲ ಅದು ಕಾಣದವರಂತೆ ಬೇರೆ ಮಾತೆತ್ತಿದೆವು.

ಆ ರಾತ್ರಿ ನಾನೂ ಗಂಡನೂ ಪಿಸುಮಾತಿನಲ್ಲಿ ತೀರ್ಮಾನಕ್ಕೆ ಬಂದೆವು: ಪ್ರಾಯವಾಯಿತಲ್ಲ, ಮೂತ್ರ ಹಿಡಿತದಲ್ಲಿ ನಿಲ್ಲುವುದಿಲ್ಲವೇನೋ. ಮಾಮಿಯ ಬಳಿ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಮರುದಿನ ನಾನು ಒಂದು ರಬ್ಬರ್ ಶೀಟ್ ತಂದು, ಅವರು ಹೊರಗೆ ಕುಳಿತಿದ್ದಾಗ, ಹಾಸಿಗೆಯ ಮೇಲೆ ಹಾಸಿ ಬೆಡ್‌ಶೀಟ್ ಹೊದಿಸಿದೆ. ಅವರ ಬಟ್ಟೆಗಳನ್ನು ಬೇರೆಯಾಗಿ ಒಗೆಯತೊಡಗಿದೆ. ಏನೂ ಹೇಳದೆ ಮಾಡಿದ್ದರಿಂದ ಅವರಿಗೆ ನೋವಾಗದು ಎಂದುಕೊಂಡಿದ್ದೆ. ಮಲಗಿದಾಗ ಮೈಯಡಿಯಲ್ಲಿ ರಬ್ಬರ್ ಚರಚರ ಎನ್ನುವುದಿಲ್ಲವೇ? ಅವರಿಗೆ ಮೊದಲ ರಾತ್ರಿಯೇ ಗೊತ್ತಾಗಿತ್ತು.

ಅವರೂ ಏನೂ ಹೇಳಲಿಲ್ಲ. ಆದರೆ ನಮಾಝಿಗೆ ಮೊದಲು ಎರಡೆರಡು ಸಲ, ಮೂರು ಮೂರು ಸಲ ವುಝೂ ಮಾಡತೊಡಗಿದರು. ಮುಸಲ್ಲಾದವರೆಗೆ ಬಂದು ಮತ್ತೆ ಬಚ್ಚಲಿಗೆ ಹಿಂದಿರುಗುವರು. ನೆಲ ಒಣಗಲು ಸಮಯವೇ ಇಲ್ಲ. 'ಇದೂ ಪ್ರಾಯದ ಮರೆವು' ಎಂದೆ ನಾನು. ಕುಟುಂಬದ ಒಂದು ಮದುವೆಗೂ ಮಂಡಿನೋವಿನ ನೆಪ ಹೇಳಿ ಬರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಚಳಿಜ್ವರ ಬಂತು. ಎರಡನೇ ದಿನ ಮಾತು ತಪ್ಪತೊಡಗಿತು. ತೀರಿಹೋದ ಅಕ್ಕನನ್ನು ಕರೆಯುತ್ತಿದ್ದರು. ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಸೋಂಕು, ದೇಹದಲ್ಲಿ ನೀರಿನಂಶ ಬಹಳ ಕಡಿಮೆಯಾಗಿದೆ ಎಂದರು. ಜ್ವರ ಇಳಿದ ಮೇಲೆ ವೈದ್ಯೆ ಕೇಳಿದರು, "ದಿನಕ್ಕೆ ಎಷ್ಟು ನೀರು ಕುಡೀತೀರಿ, ಅಮ್ಮ?"

ಮಾಮಿ ನನ್ನ ಕಡೆ ನೋಡಲಿಲ್ಲ. "ಬೆಳಿಗ್ಗೆ ಒಂದು ಗ್ಲಾಸು ಚಾ. ನೀರು ಕುಡಿದರೆ ವಾಸನೆ ಹೆಚ್ಚಾಗ್ತದೆ. ಮಕ್ಕಳಿಗೆ ಕಷ್ಟ."

"ಮೂತ್ರ ಗೊತ್ತಿಲ್ಲದೆ ಹೋಗ್ತದಾ?"

"ನನಗೆ ಗೊತ್ತಾಗುವ ಹಾಗೆ ಹೋಗುವುದಿಲ್ಲ. ಆದರೆ ಅವರಿಗೆಲ್ಲ ವಾಸನೆ ಬರ್ತದಲ್ಲ."

ನಾನು ಹೊರಗೆ ಬಂದು ಕಾರಿಡಾರಿನ ಕುರ್ಚಿಯಲ್ಲಿ ಕುಳಿತೆ.

ಅವರು ಆಸ್ಪತ್ರೆಯಲ್ಲಿದ್ದದ್ದು ಆರು ದಿನ. ಆ ಕೋಣೆಯ ಹಾಸಿಗೆ, ಬಟ್ಟೆ ಎಲ್ಲವನ್ನೂ ನಾನು ಮೇಲಿನ ಮಹಡಿಗೆ ಸಾಗಿಸಿದ್ದೆ. ನಾಲ್ಕನೇ ದಿನ ಬಾಗಿಲು ತೆರೆದಾಗ ವಾಸನೆ ಅಲ್ಲಿಯೇ ಇತ್ತು, ಮೊದಲಿಗಿಂತ ದಪ್ಪವಾಗಿ. ಕೋಣೆಯಲ್ಲಿ ಮನುಷ್ಯರೇ ಇರಲಿಲ್ಲ.

ಸಿಟ್ಟಿನಲ್ಲಿ ಸೆರಗು ಕಟ್ಟಿ ಬಚ್ಚಲು ತಿಕ್ಕಲು ಹೊರಟೆ. ಮೊದಲು ಬ್ಲೀಚಿಂಗ್ ಪೌಡರ್ ಚೆಲ್ಲಿದೆ, ಅದು ಸಾಲದೆಂದು ಮೇಲಿನಿಂದ ಆಸಿಡ್ ಹೊಯ್ದೆ. ಕ್ಷಣದಲ್ಲಿ ಕಣ್ಣು, ಗಂಟಲು ಉರಿದು ಉಸಿರು ಕಟ್ಟಿತು. ಹೇಗೋ ಹೊರಗೆ ಓಡಿ ಬಂದೆ. ಇವೆರಡು ಸೇರಿದರೆ ಹೊರಡುವುದು ಕ್ಲೋರಿನ್, ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅನಿಲ. ಅದನ್ನು ನಮ್ಮಂಥ ಗೃಹಿಣಿಯರು ಕಿಟಕಿಯಿಲ್ಲದ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ತಯಾರಿಸುತ್ತಿದ್ದೇವೆ. ಎರಡೂ ಬಾಟಲಿಗಳನ್ನು ಒಂದೇ ಶೆಲ್ಫಿನಲ್ಲಿ ಇಡುವವರು ದಯವಿಟ್ಟು ಇಂದೇ ಬೇರೆ ಮಾಡಿ.

ಕೊನೆಗೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ನಮ್ಮ ಬೀದಿಯ ಹಳೆಯ ಪ್ಲಂಬರ್ ಕಾಕನನ್ನು ಕರೆದೆ. ಅವರು ಬಚ್ಚಲಿಗೆ ಹೋಗುವ ಬದಲು ಕೋಣೆಯಲ್ಲೇ ನಿಂತು, "ಕಪಾಟು ಸರಿಸಿ" ಎಂದರು. ಕಪಾಟಿನ ಹಿಂದಿನ ಹಲಗೆ ಕಪ್ಪಾಗಿತ್ತು. ಗೋಡೆಯ ಪೈಂಟು ಗುಳ್ಳೆಯೆದ್ದು, ಮುಟ್ಟಿದರೆ ಬಿಳಿ ಹುಡಿ ಉದುರುತ್ತಿತ್ತು. ಗೋಡೆಯೊಳಗಿನ ನೀರು ಹೊರಗೆ ಬಂದು ಆರುವಾಗ ಬಿಟ್ಟುಹೋಗುವ ಲವಣ ಅದು. ಅಡುಗೆಮನೆಯಿಂದ ಅಲ್ಯುಮಿನಿಯಂ ಹಾಳೆಯ ಒಂದು ತುಂಡು ತರಿಸಿ ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಅಂಟಿಸಿದರು. "ಎರಡು ದಿನ ಬಿಟ್ಟು ತೆಗೀರಿ. ಹೊರಮೈ ಒದ್ದೆಯಾದರೆ ಅದು ಕೋಣೆಯ ಗಾಳಿಯ ಪಸೆ. ಒಳಮೈ ಒದ್ದೆಯಾದರೆ ನೀರು ಗೋಡೆಯಿಂದಲೇ ಬರ್ತಾ ಉಂಟು." ಒಳಮೈಯಲ್ಲಿ ಹನಿಗಳು ನಿಂತಿದ್ದವು.

ಬಚ್ಚಲಿನ ಟೈಲ್ಸನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಮೂರು ಟೈಲ್ಸ್ ಒಡೆದರು. ಗೀಸರಿನಿಂದ ನಲ್ಲಿಗೆ ಬರುವ ಬಿಸಿನೀರಿನ ಪೈಪಿನ ಮೊಣಕೈ ಬಿರುಕು ಬಿಟ್ಟಿತ್ತು. ಹನಿಹನಿಯಾಗಿ ನೀರು ಇಳಿದು, ಕೆಂಪುಕಲ್ಲು ಅದನ್ನು ಕುಡಿದು, ಆಚೆ ಬದಿಯ ಕಪಾಟಿಗೆ ದಾಟಿಸುತ್ತಿತ್ತು. ಮಾಮಿಯ ಬಟ್ಟೆಗಳಲ್ಲಿ ವಾಸನೆ ಯಾಕೆ ಬರುತ್ತಿತ್ತೆಂದು ಆಗ ಅರ್ಥವಾಯಿತು. ನಾನು ಬೇರೆಯಾಗಿ ಒಗೆದು, ಇಸ್ತ್ರಿ ಹಾಕಿ, ಮಡಚಿ ಅದೇ ಕಪಾಟಿನಲ್ಲಿ ಇಡುತ್ತಿದ್ದೆ.

ಇನ್ನೊಂದು ವಾಸನೆಯ ಕತೆ ಬೇರೆ. ಬಚ್ಚಲ ಮೂಲೆಯಲ್ಲಿ ವಾಷಿಂಗ್ ಮೆಷಿನಿಗೆಂದು ಮಾಡಿದ್ದ ಎರಡನೇ ನೀರುಗಂಡಿ ಇತ್ತು. ಮೆಷಿನು ಯಾವತ್ತೋ ಅಡುಗೆಮನೆಯ ಹಿಂದಕ್ಕೆ ಹೋಗಿತ್ತು. ನೆಲದ ಇಳಿಜಾರು ಆ ಕಡೆ ಇರಲಿಲ್ಲವಾದ್ದರಿಂದ ಅದಕ್ಕೆ ಒಂದು ಹನಿ ನೀರೂ ಹೋಗುತ್ತಿರಲಿಲ್ಲ. ಪ್ಲಂಬರುಗಳು 'ನಹನಿ ಟ್ರ್ಯಾಪ್' ಎನ್ನುವ ಈ ಗಂಡಿಯೊಳಗೆ ಸುಮಾರು ಎರಡಿಂಚು ನೀರು ಯಾವಾಗಲೂ ನಿಂತಿರಬೇಕು. ಗುಂಡಿಯ ಗಾಳಿ ಮೇಲೆ ಬರದಂತೆ ತಡೆಯುವ ಮುಚ್ಚಳ ಆ ನೀರೇ. ಅದು ಆರಿಹೋದರೆ ಬಾಗಿಲು ತೆರೆದಂತೆಯೇ. ಮಳೆಗಾಲದಲ್ಲಿ ಗುಂಡಿ ತುಂಬಿದಾಗ ಒಳಗಿನ ಗಾಳಿ ನೇರ ಮೇಲೆ ಬರುತ್ತಿತ್ತು. ಕಾಕ ಒಂದು ಚೊಂಬು ನೀರು ಹೊಯ್ದರು, ಅಷ್ಟೆ. ಮೇಲೆ ಒಂದು ಚಮಚ ತೆಂಗಿನೆಣ್ಣೆ ಬಿಡಲು ಹೇಳಿದರು, ನೀರು ಬೇಗ ಆರುವುದಿಲ್ಲವಂತೆ. ಒಂದು ಚೊಂಬು ನೀರು! ಎರಡು ತಿಂಗಳಿನಿಂದ ನಾವು ಒಬ್ಬ ಹಿರಿಯ ಜೀವದ ಮೇಲೆ ಹೊರಿಸಿದ್ದ ಅಪವಾದದ ಅರ್ಧ ಭಾಗ ಅದರಲ್ಲಿ ತೊಳೆದುಹೋಯಿತು.

ಮಿಕ್ಕ ಅರ್ಧಕ್ಕೆ ತಿಂಗಳೇ ಹಿಡಿಯಿತು. ಪೈಪು ಸರಿಮಾಡಿದ ದಿನವೇ ಸಿಮೆಂಟು ಮೆತ್ತಬೇಡಿ, ಗೋಡೆ ಒಣಗಲಿ ಎಂದರು ಕಾಕ. ಒದ್ದೆ ಗೋಡೆಯ ಮೇಲೆ ಪ್ಲಾಸ್ಟಿಕ್ ಪೈಂಟು ಹೊಡೆದರೆ ಒದ್ದೆ ಬಟ್ಟೆಗೆ ರೈನ್‌ಕೋಟು ತೊಡಿಸಿದ ಹಾಗೆ. ಹಾಗಾಗಿ ಕೋಣೆಯ ಬದಿಗೆ ಸುಣ್ಣ ಬಳಿದೆವು. ಸುಣ್ಣದ ಕ್ಷಾರದ ಮೇಲೆ ಬೂಷ್ಟು ಸುಲಭದಲ್ಲಿ ಬೆಳೆಯುವುದಿಲ್ಲ, ಗೋಡೆಯ ಪಸೆಯೂ ಹೊರಗೆ ಹೋಗುತ್ತದೆ. ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು. ಆದರೆ ಬಾಗಿಲು ನೆಲಕ್ಕೆ ತಾಗುವಷ್ಟು ಬಿಗಿ. ಒಳಗೆ ಗಾಳಿ ಬರಲು ದಾರಿಯಿಲ್ಲದೆ ಫ್ಯಾನು ಹೊರಗೆ ತಳ್ಳುವುದಾದರೂ ಏನನ್ನು? ಬಾಗಿಲಿನ ಬುಡದಲ್ಲಿ ಒಂದಿಂಚು ಕೊಯ್ಸಿದೆವು. ಸ್ನಾನವಾದ ಮೇಲೆ ವೈಪರಿನಿಂದ ಗೋಡೆ ಮತ್ತು ನೆಲದ ನೀರೆಳೆದು ಅರ್ಧ ಗಂಟೆ ಫ್ಯಾನು ಬಿಡುವುದು ಮನೆಯ ನಿಯಮವಾಯಿತು. ಮುರಿಯುವವರು ನನ್ನ ಮಗ ಮತ್ತು ಅವನ ಅಪ್ಪ.

ಇದನ್ನೆಲ್ಲ ಮಾಮಿಗೆ ವಿವರಿಸಿದಾಗ ಅವರು ಹಳೆಯ ಮನೆಯ ಬಚ್ಚಲನ್ನು ನೆನಪಿಸಿಕೊಂಡರು. ಅದು ಅಂಗಳದ ಆಚೆ, ಹಂಚಿನ ಮಾಡು. ದೊಡ್ಡ ಹಂಡೆಯಡಿಯಲ್ಲಿ ದಿನವೂ ಮಡಲು, ಗೆರಟೆ ಉರಿಯುತ್ತಿತ್ತು. ಒಲೆಯ ಶಾಖಕ್ಕೆ ಗೋಡೆ ಒಣಗುತ್ತಿತ್ತು, ಹಂಚಿನ ಸಂದಿನಿಂದ ಹಬೆ ಹೊರಗೆ ಹೋಗುತ್ತಿತ್ತು, ನೀರು ನೇರ ತೆಂಗಿನ ಬುಡಕ್ಕೆ. ನಾವು ಒಲೆ ತೆಗೆದು ಗೀಸರ್ ಇಟ್ಟೆವು, ಹಂಚು ತೆಗೆದು ಕಾಂಕ್ರೀಟ್ ಹಾಕಿದೆವು. ಒಲೆಯೂ ಹಂಚೂ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಇನ್ನು ಯಾರು ಮಾಡಬೇಕೆಂದು ಯೋಚಿಸಲಿಲ್ಲ. ಹಾಗೆಂದು ಹಳೆಯದೆಲ್ಲ ಸ್ವರ್ಗ ಎಂದು ನಾನು ಹೇಳಲಾರೆ. "ಹೊಗೆಗೆ ಕಣ್ಣು ಹೋಗ್ತಿತ್ತು ಮಗಳೇ. ಒಂದು ಮಳೆಗಾಲ ಹಂಡೆಯ ಹಿಂದೆ ಹಾವು ಮಲಗಿತ್ತು" ಎಂದು ಮಾಮಿಯೇ ಸೇರಿಸಿದರು.

ನಾನು ಕ್ಷಮೆ ಕೇಳಿದೆನೇ? ಸರಿಯಾಗಿ ಕೇಳಲಿಲ್ಲ. "ಪೈಪು ಒಡೆದಿತ್ತು ಮಾಮಿ, ನಮಗೆ ಗೊತ್ತಾಗಲಿಲ್ಲ" ಎಂದೆ. ಅವರು, "ಪೈಪಾ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನೀರಿನ ಗ್ಲಾಸು ಕೇಳಿ ಪಡೆದು ಪೂರ್ತಿ ಕುಡಿದರು. ಪ್ರತಿ ಶುಕ್ರವಾರ ಆ ಮೂಲೆಯ ಗಂಡಿಗೆ ನೀರು ಹೊಯ್ಯುವ ಕೆಲಸವನ್ನು ತಾವೇ ವಹಿಸಿಕೊಂಡರು.

ರಬ್ಬರ್ ಶೀಟನ್ನು ನಾನು ಅವರು ಆಸ್ಪತ್ರೆಯಿಂದ ಬರುವ ಮೊದಲೇ ತೆಗೆದು ಅಟ್ಟದಲ್ಲಿ ಅಡಗಿಸಿಟ್ಟಿದ್ದೆ. ಅದರ ಮಾತನ್ನು ಯಾರೂ ಎತ್ತಲಿಲ್ಲ. ಮುಂದಿನ ವರ್ಷ ಮೇ ಕೊನೆಗೆ ಆಕಾಶ ಕಪ್ಪಾದಾಗ ಮಾಮಿ ಹಿತ್ತಿಲಲ್ಲಿ ಒಟ್ಟಿದ್ದ ಸೌದೆಯನ್ನು ನೋಡುತ್ತಾ ನಿಂತವರು ನನ್ನನ್ನು ಕರೆದು ಹೇಳಿದರು, "ಮಗಳೇ, ನನ್ನ ಹಾಸಿಗೆಯಲ್ಲಿದ್ದ ಆ ಶೀಟು ಎಲ್ಲಿಟ್ಟಿದ್ದಿ? ತಾ, ಸೌದೆಗೆ ಹೊದಿಸುವ."