ಉಯಿಲಿನ ಹಿಂದಿನ ಜಮಾಖರ್ಚು

ಸತ್ತವನ ಹಣಕ್ಕೆ ಒಂದು ವಿಚಿತ್ರ ಗುಣವುಂಟು. ಬದುಕಿರುವಾಗ ಆತನು ಕಾಸಿಗೆ ಕಾಸು ಕೂಡಿಸಿ ಕಾಪಾಡಿದ ಗಂಟು, ಆತನು ಕಣ್ಣು ಮುಚ್ಚಿದೊಡನೆ ಯಾರದೂ ಅಲ್ಲದ ಗಂಟಾಗಿಬಿಡುತ್ತದೆ. ಉಯಿಲು ಸುಳ್ಳೆನ್ನುವ ತಮ್ಮನೂ ನಿಜವೆನ್ನುವ ಅಳಿಯನೂ ವಕೀಲರ ಮನೆಯ ಮೆಟ್ಟಿಲೇರುವಾಗ ಆಡುವ ಮಾತು ಒಂದೇ: “ಖರ್ಚಿಗೇನಂತೆ, ಆಸ್ತಿಯಿಂದಲೇ ಬರುತ್ತದೆ!”

ಈ ಧೈರ್ಯಕ್ಕೆ ಸ್ವಲ್ಪ ಆಧಾರವೂ ಇಲ್ಲದಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವು ಮೃತನ ಹಣಕ್ಕೆ ಕಾದವರನ್ನು ಊಟದ ಪಂಕ್ತಿಯಂತೆ ಕ್ರಮವಾಗಿ ಕೂರಿಸಿದೆ. ಮೊದಲ ಎಲೆ ಅಂತ್ಯಕ್ರಿಯೆಗೂ ಕಡೆಗಾಲದ ವೈದ್ಯನಿಗೂ. ಎರಡನೆಯದು ಪ್ರೊಬೇಟಿನ ವೆಚ್ಚಕ್ಕೂ ಆಸ್ತಿಯ ಆಡಳಿತಕ್ಕೆ ಅವಶ್ಯವಾದ ನ್ಯಾಯಾಲಯದ ಖರ್ಚಿಗೂ. ಮೂರನೆಯ ಎಲೆಯ ಮುಂದೆ ಕುಳಿತವರು ಕೂಲಿಯವರು, ಕುಶಲಕರ್ಮಿಗಳು, ಮನೆಯಾಳುಗಳು. ಮೃತನ ಕೊನೆಯ 3 ತಿಂಗಳಲ್ಲಿ ದುಡಿದ ಸಂಬಳ ಅವರಿಗೆ ಸಲ್ಲಬೇಕು. ಆಮೇಲೆ ಉಳಿದ ಸಾಲ ಕೊಟ್ಟವರು. ಉಯಿಲಿನಲ್ಲಿ ತಮ್ಮ ಹೆಸರು ಕಂಡು ಹಿಗ್ಗಿದವರಿಗೆ ಕಟ್ಟಕಡೆಯ ಸಾಲು.

ಎರಡನೆಯ ಎಲೆಗೆ ಬಡಿಸಿದಷ್ಟೂ ಮೂರನೆಯ ಎಲೆ ಬರಿದಾಗುತ್ತದೆ. ದೊಡ್ಡ ಆಸ್ತಿಯಲ್ಲಿ ಇದು ಕಣ್ಣಿಗೆ ಬೀಳದು. ಆದರೆ ಹಳೆಯ ಮನೆಯೊಂದು, ಬ್ಯಾಂಕಿನಲ್ಲಿ ಅಲ್ಪಸ್ವಲ್ಪ ಹಣ, ಇಷ್ಟೇ ಉಳಿದಿರುವಲ್ಲಿ, ಹಾಸಿಗೆ ಹಿಡಿದ ಯಜಮಾನನಿಗೆ ಗಂಜಿ ಕುಡಿಸಿದ ಅಡಿಗೆಯಾಕೆ ವಾಯಿದೆಯ ಮೇಲೆ ವಾಯಿದೆ ಎಣಿಸುತ್ತ ಕೂರಬೇಕಾಗುತ್ತದೆ. ಡಿಕನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ತಲೆಮಾರುಗಳ ದಾವೆ ಮುಗಿಯುವುದು ಆಸ್ತಿಯೆಲ್ಲ ಖರ್ಚಿನಲ್ಲಿ ಕರಗಿದ ಮೇಲೆಯೇ.

ಆದರೆ ಜಗಳದ ಖರ್ಚೆಲ್ಲವೂ ಅವಶ್ಯವಾದ ಖರ್ಚಲ್ಲ. 1907ರಲ್ಲಿ ‘ಸ್ಪಿಯರ್ಸ್ ವಿರುದ್ಧ ಇಂಗ್ಲಿಷ್’ ಎಂಬ ಆಂಗ್ಲ ಮೊಕದ್ದಮೆಯು ಇಲ್ಲಿ ಒಂದು ಸೂತ್ರವನ್ನು ಸ್ಪಷ್ಟಗೊಳಿಸಿತು. ಉಯಿಲು ಬರೆದವನೇ ಗೊಂದಲಕ್ಕೆ ಕಾರಣನಾದರೆ ಖರ್ಚು ಆಸ್ತಿಯ ಮೇಲೆ. ಸಂದೇಹಕ್ಕೆ ನ್ಯಾಯವಾದ ಎಡೆಯಿದ್ದರೆ ಅವರವರ ಖರ್ಚು ಅವರವರಿಗೆ. ಎರಡೂ ಅಲ್ಲವಾದರೆ ಸೋತವನು ತೆರಬೇಕು. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೂ ಖರ್ಚಿನ ಮಾತನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟು, ಸಾಮಾನ್ಯವಾಗಿ ಸೋತವನ ತಲೆಗೇ ಕಟ್ಟುತ್ತದೆ.

ಲೆಕ್ಕ ಕೇಳುವ ಹಕ್ಕೂ ಉಂಟು. ಪ್ರೊಬೇಟು ಪಡೆದ ನಿರ್ವಾಹಕನು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಒಂದು ವರ್ಷದೊಳಗೆ ಜಮಾಖರ್ಚನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ವಕೀಲರು ಗೆಲುವಿನಲ್ಲಿ ಪಾಲು ಕೇಳುವಂತಿಲ್ಲ. ಫೀಸು ಬಾಕಿಯೆಂದು ಕಕ್ಷಿಗಾರನ ಕಾಗದಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ತೀರ್ಪಿತ್ತಿದೆ. ಫೀಸಿನ ಕರಾರನ್ನು ಮೊದಲೇ ಬರೆಯಿಸಿಕೊಂಡವರಿಗೆ ಈ ತಂಟೆಯೇ ಬಾರದು.

ಉಯಿಲು ನಿಜವೇ ಸುಳ್ಳೇ ಎಂಬುದನ್ನು ನ್ಯಾಯಾಧೀಶರೇ ಹೇಳಬೇಕು. ಅದು ರಾಜಿಯ ವಸ್ತುವಲ್ಲ. ಯಾರ ಖರ್ಚನ್ನು ಯಾರು ಹೊರಬೇಕೆಂಬುದು ಮಾತ್ರ ಧಾರಾಳವಾಗಿ ರಾಜಿಯ ವಸ್ತು. ಬಂಧುಗಳು ಒಂದು ಸಂಜೆ ಜಗಲಿಯಲ್ಲಿ ಕುಳಿತು, ಖರ್ಚು ತಮ್ಮ ತಮ್ಮ ಜೇಬಿನದೆಂದು ಭಾವಿಸಿ ಮಾತಾಡಿದರೆ, ಎಷ್ಟೋ ತಕರಾರುಗಳು ಅಲ್ಲಿಯೇ ಸಣ್ಣವಾಗುತ್ತವೆ. ಏಳುವ ಮುನ್ನ ಅಡಿಗೆಯಾಕೆಯನ್ನು ಕರೆದು ಮೂರು ತಿಂಗಳ ಸಂಬಳವನ್ನು ಕೈಗಿತ್ತರೆ, ಸತ್ತವನ ಹೆಸರಿಗೂ ಅದು ಶೋಭೆ.