ಚನ್ನರಾಯಪಟ್ಟಣದ ಹೊಲಗಳ ನಡುವೆ

ದೇವನಹಳ್ಳಿಯೆಂದೊಡನೆ ವಾಚಕರಿಗೆ ನೆನಪಾಗುವುದು ಅಲ್ಲಿಯ ಕಲ್ಲಿನ ಕೋಟೆ, ಟಿಪ್ಪು ಸುಲ್ತಾನನ ಜನ್ಮಸ್ಥಳ ಮತ್ತು ರಸಭರಿತವಾದ ಚಕ್ಕೋತದ ಹಣ್ಣು. ಈಚಿನವರಿಗಾದರೆ 2008ರಲ್ಲಿ ತೆರೆದ ವಿಮಾನ ನಿಲ್ದಾಣ. ನಾವು ಈ ಸಲ ಇವಾವುದಕ್ಕೂ ನಿಲ್ಲದೆ ಸೂಲಿಬೆಲೆಯ ಮಾರ್ಗವನ್ನು ಹಿಡಿದು ಹೊರಟೆವು.

ಮೊದಲು ಸಿಕ್ಕಿದುದು ನಲ್ಲೂರಿನ ಹುಣಿಸೆಯ ತೋಪು. ಸುಮಾರು 54 ಎಕರೆಗಳ ಈ ತೋಪನ್ನು 2007ರಲ್ಲಿ ಭಾರತದ ಮೊತ್ತಮೊದಲನೆಯ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಲಾಯಿತು. ಬೊಡ್ಡೆ ಟೊಳ್ಳಾಗಿ ಇನ್ನೇನು ಬಿದ್ದೀತೆಂದು ತೋರುವ ಮುದಿಮರಗಳೂ ತುದಿಯಲ್ಲಿ ಎಳೆಯ ಚಿಗುರನ್ನು ಹೊತ್ತು ನಿಂತಿರುವುದನ್ನು ಕಂಡು ನಮಗೆ ಬಹಳ ಸೋಜಿಗವಾಯಿತು.

ತೋಪನ್ನು ದಾಟಿದರೆ ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆ, ಹೂವು, ತರಕಾರಿ. ಬೆಂಗಳೂರಿನ ಗೃಹಿಣಿಯರು ಬೆಳಗ್ಗೆ ಕೊಳ್ಳುವ ಸೊಪ್ಪು ಸದೆಗಳಲ್ಲಿ ಎಷ್ಟೋ ಪಾಲು ಇಂತಹ ಮಣ್ಣಿನಿಂದಲೇ ಬರತಕ್ಕದ್ದು. ಈ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಗ್ರಾಮಗಳಲ್ಲಿ 1777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳಲು ಸರ್ಕಾರವು ಹೊರಟಿತ್ತು. ಅದಕ್ಕೆ ಒಪ್ಪದ ರೈತರು 2022ರ ಏಪ್ರಿಲ್ 4ರಂದು ಧರಣಿ ಕುಳಿತರು. ಮಳೆ ಬಂತು, ಬಿಸಿಲು ಬಂತು, ಚುನಾವಣೆ ಬಂತು, ಸರ್ಕಾರವೇ ಬದಲಾಯಿತು. ಧರಣಿ ಮಾತ್ರ ಏಳಲಿಲ್ಲ. ಮೂರು ಗ್ರಾಮಗಳನ್ನು ಬಿಟ್ಟುಕೊಡುವೆವೆಂದಾಗಲೂ ಅವರು ಒಪ್ಪಲಿಲ್ಲ. ರೈತರು, ದಲಿತರು, ಕಾರ್ಮಿಕರು, ಎಡಪಂಥೀಯರು ಕೂಡಿದ ಸಂಯುಕ್ತ ಹೋರಾಟ ಕರ್ನಾಟಕವು ಬೆಂಬಲಕ್ಕೆ ನಿಂತಿತು. ಕಡೆಗೆ 2025ರ ಜುಲೈ 15ರಂದು, ಅಂದರೆ 1198 ದಿನಗಳ ತರುವಾಯ, ಮುಖ್ಯಮಂತ್ರಿ ಸಿದ್ಧರಾಮಯ್ಯನವರು ಭೂಸ್ವಾಧೀನವನ್ನು ಪೂರ್ಣವಾಗಿ ಕೈಬಿಟ್ಟಿರುವುದಾಗಿ ಘೋಷಿಸಿದರು; ತಾವಾಗಿ ಕೊಡಬಯಸುವವರಿಂದ ಮಾತ್ರ ಭೂಮಿಯನ್ನು ಪಡೆಯುವುದಾಗಿಯೂ ಹೇಳಿದರು.

ಈ ಹಟದ ಬೇರು ಹಳೆಯದು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತಸಂಘವು ಹಸಿರು ಶಾಲನ್ನು ಹೊದ್ದು, ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಕಾಲಿಡಬಾರದೆಂದು ಹಲಗೆ ನೆಡಿಸಿತು. ಅದರ ಮುಂದಾಳು ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಹಳ್ಳಿಯ ಸ್ವಾಭಿಮಾನವನ್ನೂ ಲೋಕದ ರೈತರ ಸಖ್ಯವನ್ನೂ ಒಂದೇ ಉಸಿರಿನಲ್ಲಿ ಆಡಿದವರು. ‘ವಿಯಾ ಕಂಪೆಸಿನಾ’ ಎಂಬ ಜಗತ್ತಿನ ರೈತರ ಒಕ್ಕೂಟವು 2000ದಲ್ಲಿ ತನ್ನ ಮೂರನೆಯ ಮಹಾಸಭೆಯನ್ನು ಬೆಂಗಳೂರಿನಲ್ಲಿಯೇ ನಡೆಸಿತು.

ಆ ಒಕ್ಕೂಟದ ಹಿರಿಯರಲ್ಲಿ ಪಾಲ್ ನಿಕಲ್ಸನ್ ಎಂಬವರು ಸ್ಪೇನಿನ ಬಾಸ್ಕ್ ಸೀಮೆಯ ರೈತಸಂಘದವರು. ಬಾಸ್ಕರ ನುಡಿಗೆ ಯೂರೋಪಿನಲ್ಲಿ ಬಂಧುನುಡಿಯಿಲ್ಲ. ಅವರಲ್ಲಿ ತೋಟದ ಮನೆಯೆಂದರೆ ಕೇವಲ ಗೋಡೆ ಚಾವಣಿಯಲ್ಲ; ಎಷ್ಟೋ ಮನೆತನಗಳಿಗೆ ಮನೆಯ ಹೆಸರೇ ಅಡ್ಡಹೆಸರು, ಆಸ್ತಿಯನ್ನು ಹಂಚದೆ ಒಬ್ಬರಿಗೇ ಬಿಡುವುದು ಅಲ್ಲಿಯ ಹಳೆಯ ವಾಡಿಕೆ. ನಾಡುನುಡಿಯ ಅಭಿಮಾನವನ್ನೂ ಬಡವರ ಪಕ್ಷಪಾತವನ್ನೂ ಒಟ್ಟುಗೂಡಿಸಿದ ಎಡಪಂಥವೊಂದು ಅಲ್ಲಿ ಬೆಳೆದಿದೆ. ಇದರ ಕಥೆಯಲ್ಲಿ ನೆತ್ತರಿನ ಪುಟಗಳೂ ಉಂಟು. ‘ಎಟಾ’ ಎಂಬ ಸಶಸ್ತ್ರ ಸಂಘಟನೆಯು 2011ರಲ್ಲಿ ಬಂದೂಕನ್ನು ಕೆಳಗಿಟ್ಟು 2018ರಲ್ಲಿ ವಿಸರ್ಜನೆಯಾಯಿತು. ತರುವಾಯ 2024ರ ಪ್ರಾಂತೀಯ ಚುನಾವಣೆಯಲ್ಲಿ ಎಡಪಂಥದ ‘ಬಿಲ್ದು’ ಕೂಟವು 75ರಲ್ಲಿ 27 ಸ್ಥಾನಗಳನ್ನು ಗೆದ್ದು, ಹಳೆಯ ರಾಷ್ಟ್ರೀಯ ಪಕ್ಷಕ್ಕೆ ಸರಿಸಮನಾಗಿ ನಿಂತಿತು. ಬಂದೂಕು ತಾರದುದನ್ನು ಮತವು ತಂದಿತು.

ನಮ್ಮ ರೈತಸಂಘಕ್ಕೆ ಮತದ ಹಾದಿ ಅಷ್ಟು ಸುಗಮವಾಗಲಿಲ್ಲ. ಅದು ಒಡೆದು ಹಲವು ಬಣಗಳಾಯಿತು; ಅದರ ಬಳಗದ ಸರ್ವೋದಯ ಕರ್ನಾಟಕ ಪಕ್ಷವು 2023ರಲ್ಲಿ ಮೇಲುಕೋಟೆಯ ಒಂದು ಸ್ಥಾನವನ್ನು ಪಡೆಯಿತು. ಆದರೆ ಚನ್ನರಾಯಪಟ್ಟಣದ ಜನರು ಬಂದೂಕನ್ನೂ ಹಿಡಿಯದೆ, ಪಕ್ಷವನ್ನೂ ಕಟ್ಟದೆ, ಬರಿಯ ಕುಳಿತುದರಿಂದಲೇ ಗೆದ್ದರು.

ಗೆದ್ದರೆಂದು ನಿಶ್ಚಿಂತರಾಗಿರುವಂತಿಲ್ಲ. ಭೂಮಿಯನ್ನು ಕೊಡಲು ಒಪ್ಪಿದ ರೈತರೂ ಅಲ್ಲಿದ್ದಾರೆ. ಅವರ ಸಾಲ, ಮಕ್ಕಳ ಓದು, ಮದುವೆಯ ಖರ್ಚುಗಳನ್ನು ನಾವು ಹಗುರವಾಗಿ ಕಾಣಲಾಗದು. ಬಲಾತ್ಕಾರದಿಂದ ಹೋಗದ ಹೊಲ ಬಡತನದಿಂದ ಹೋದೀತು. ಬೆಳೆಗೆ ತಕ್ಕ ಬೆಲೆ ಬಂದರೆ ಮಾತ್ರ ಈ ಗೆಲವು ನಿಂತೀತು.

ಹೊತ್ತು ಮುಳುಗುವಾಗ ಹಿಂದಿರುಗಿದೆವು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಕೆಳಗೆ ಒಬ್ಬಾಕೆ ಸೊಪ್ಪಿನ ಕಟ್ಟುಗಳನ್ನು ಮಾರನೆಯ ದಿನದ ಸಂತೆಗೆ ಜೋಡಿಸುತ್ತಿದ್ದಳು. ಅವುಗಳಲ್ಲಿ ಒಂದು ನಮ್ಮ ಮನೆಗೂ ಬಂದೀತು. ಅದರ ಬೆಲೆಯನ್ನು ಚೌಕಾಶಿ ಮಾಡುವ ಮುನ್ನ ಆ 1198 ದಿನಗಳನ್ನು ನೆನೆಯುವುದು ಒಳಿತೆಂದು ನಮಗೆ ತೋರಿತು.